ಕೇಳಿದ್ದು ಒಂದೇ ಪ್ರಶ್ನೆ

ಬ್ರೋಕರ್ ಕಿಟ್ಟಿಯ ವ್ಯಾಪಾರದ ಗುಟ್ಟು ಬಹಳ ಸರಳ. ಮನೆ ನೋಡುವವರನ್ನು ಒಬ್ಬೊಬ್ಬರಾಗಿ ಕರೆದರೆ ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಮನೆಯಲ್ಲಿ ಕೇಳಿ ಹೇಳ್ತೀವಿ ಎಂದು ಹೋದವರು ಹೋಗಿಯೇ ಬಿಡುತ್ತಾರೆ. ಅದೇ ನಾಲ್ಕು ಮನೆಯವರನ್ನು ಒಂದೇ ಹೊತ್ತಿಗೆ ಒಂದೇ ಹಾಲಿನಲ್ಲಿ ನಿಲ್ಲಿಸಿದರೆ ಬೇಡವಾದವರಿಗೂ ಬೇಕು ಅನ್ನಿಸತೊಡಗುತ್ತದೆ. ಆಮೇಲೆ ಎಲ್ಲರ ಕೈಗೂ ಒಂದೊಂದು ಕವರು. ಸಂಜೆ ಆರರೊಳಗೆ ರೇಟು ಬರೆದು ಅಂಟಿಸಿ ಕೊಡಬೇಕು, ಜಾಸ್ತಿ ಬರೆದವರಿಗೆ ಮನೆ. ಹರಾಜು ಎಂದರೆ ಮರ್ಯಾದಸ್ಥರಿಗೆ ಇರುಸುಮುರುಸು. ಅದಕ್ಕೇ ಕಿಟ್ಟಿ ಇದನ್ನು ಕವರ್ ಸಿಸ್ಟಮ್ ಎಂದು ಕರೆಯುತ್ತಿದ್ದ.

ಬಸವರಾಜೇಶ್ವರಿಗೆ ಆ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಆದರೆ ಉರಿದುಕೊಂಡು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಅತ್ತಿಗುಪ್ಪೆಯಲ್ಲಿ ಅವರಿದ್ದ ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿತ್ತು, ಮೂವತ್ತೆಂಟು ಮೆಟ್ಟಿಲು. ಗಂಡ ಚನ್ನವೀರೇಶ್ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಮೂವತ್ತು ವರ್ಷ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವರು. ನಿವೃತ್ತರಾದ ವರ್ಷವೇ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತು ತಂದಿದ್ದರು. ಮುಂದಿನ ಸಲ ಡಾಕ್ಟರ ಹತ್ತಿರ ಇಳಿಸುವಾಗ ತಿರುವಿನಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು. ಅವತ್ತಿನಿಂದ ಅವರು ಕೆಳಗಿಳಿಯುವ ಮಾತೆತ್ತಿದರೆ ಎಡಗೈಯಲ್ಲಿ ಮಂಚದ ಸರಳು ಹಿಡಿದುಕೊಂಡುಬಿಡುತ್ತಿದ್ದರು. ಎರಡು ವರ್ಷವಾಗಿತ್ತು, ಅವರ ಕಾಲು ನೆಲ ಮುಟ್ಟಿರಲಿಲ್ಲ. ಅವರ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರುಮನೆಯ ನೀರಿನ ಟ್ಯಾಂಕು ಮತ್ತು ಮೆಟ್ರೋ ಹಳಿಯ ಒಂದು ತುಂಡು.

"ಒಂದ್ಸಲ ಬಿಸಿಲಲ್ಲಿ ಕೂತ್ಕೋಬೇಕು ಕಣೇ," ಎಂದಿದ್ದರು ಯುಗಾದಿಯ ದಿನ. ಮಾತು ತೊದಲಿ ಬಂದರೂ ರಾಜೇಶ್ವರಿಗೆ ಪ್ರತಿಯೊಂದು ಅಕ್ಷರವೂ ಅರ್ಥವಾಗಿತ್ತು. ಕೊನೆಯ ಸಲವಾದರೂ ಎಂಬುದನ್ನು ಅವರು ಹೇಳದೆ ಬಿಟ್ಟಿದ್ದೂ ಅರ್ಥವಾಗಿತ್ತು.

ಅವತ್ತಿನಿಂದ ಅವಳು ಹುಡುಕುತ್ತಿದ್ದದ್ದು ಒಂದೇ: ನೆಲಮಟ್ಟದ ಮನೆ, ಮುಂದೆ ಒಂದು ಕುರ್ಚಿಯಷ್ಟು ಜಾಗ. ಜ್ಞಾನಭಾರತಿಯ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಅವಳು ಊಟದ ಬಿಡುವಿನಲ್ಲಿ ಊಟ ಬಿಟ್ಟು ಮನೆ ನೋಡಿದಳು. ಬೆಂಗಳೂರಿನಲ್ಲಿ ನೆಲಮಟ್ಟವೆಂಬುದು ಕಾರಿಗೆ ಮೀಸಲು, ಮನುಷ್ಯರು ಅದರ ಮೇಲೆ. ನಾಲ್ಕು ತಿಂಗಳು ಅಲೆದ ಮೇಲೆ ಕಿಟ್ಟಿ ಉಲ್ಲಾಳದ ಮನೆಯ ಸುದ್ದಿ ತಂದ. ಇಪ್ಪತ್ತು ಮೂವತ್ತರ ಸೈಟು, ಹಳೆಯ ಕಟ್ಟಡ, ಮೆಟ್ಟಿಲೇ ಇಲ್ಲ.

ಶ್ರಾವಣ ಮುಗಿಯುತ್ತ ಬಂದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮಗಳು ಚೈತನ್ಯಾಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಚೈತನ್ಯಾ ಗೇಟಿನಲ್ಲೇ ಅಪ್ಪನಿಗೆ ವಿಡಿಯೋ ಕಾಲ್ ಹಾಕಿ ಫೋನನ್ನು ಎದೆಯ ಮುಂದೆ ಹಿಡಿದುಕೊಂಡಳು. ಅಪ್ಪ ಮಲಗಿದಲ್ಲಿಂದಲೇ ಮನೆ ನೋಡಲಿ ಎಂದು.

ಮನೆಯೊಡತಿ ವೆಂಕಟಲಕ್ಷ್ಮಮ್ಮ ಬಾಗಿಲ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ಉಲ್ಲಾಳ ಹಳ್ಳಿಯಾಗಿದ್ದ ಕಾಲದ ಒಕ್ಕಲಿನ ಮನೆತನ. ಹೊಲವೆಲ್ಲ ಲೇಔಟಾಗಿ, ಕೊನೆಗೆ ಉಳಿದದ್ದು ಈ ತುಂಡು ಜಾಗ. ಗಂಡ ರಾಮಯ್ಯ ಆಷಾಢದಲ್ಲಿ ತೀರಿಕೊಂಡಿದ್ದರು. ಒಬ್ಬರೇ ಮಲಗಲು ಹೆದರಿಕೆಯಾಗಿ ಆಕೆ ಬೀಗ ಹಾಕಿಕೊಂಡು ಕೆಂಗೇರಿಯ ಮಗಳ ಮನೆ ಸೇರಿದ್ದರು. ಮಗ ಜೀವನ್‌ಗೆ ಅವನ ಪಾಲು ಬೇಗ ಬೇಕಾಗಿತ್ತು, ಹಾಗಾಗಿ ಮಾರಾಟ. ಬಂದವರಿಗೆಂದು ಆಕೆ ಮಗಳ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಮನೆ ಮಾರುವವರು ಕಾಫಿ ಕೊಡುವುದನ್ನು ಕಿಟ್ಟಿ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ರಾಜೇಶ್ವರಿ ಲೋಟ ತೆಗೆದುಕೊಳ್ಳುತ್ತ ತನ್ನ ಗಂಡನ ವಿಷಯ ನಾಲ್ಕು ಮಾತಿನಲ್ಲಿ ಹೇಳಿದಳು. ಆಕೆ ಸರಿದು ಚಪ್ಪಡಿಯ ಮೇಲೆ ಜಾಗ ಮಾಡಿಕೊಟ್ಟರು.

"ಇಲ್ಲೇ ಕೂರ್ಸಿ ಕಣಮ್ಮ. ಹತ್ತೂವರೆಗಂಟ ಬಿಸ್ಲು ಬತ್ತದೆ. ನಮ್ ಯಜಮಾನ್ರೂ ಇಲ್ಲೇ ಕೂತ್ಕತಿದ್ರು."

ರಾಜೇಶ್ವರಿ ಕೂತಳು. ಕಲ್ಲು ಬೆಚ್ಚಗಿತ್ತು. ಕಾಂಪೌಂಡಿನ ಮೂಲೆಯಲ್ಲಿ ಒಂದು ದಾಸವಾಳದ ಗಿಡ, ಎದುರಿಗೆ ತರಕಾರಿ ಗಾಡಿ ನಿಲ್ಲುವ ಬೇವಿನ ಮರ. ಹೋಗುವವರು ಬರುವವರು ಎಲ್ಲ ಕಾಣುತ್ತಾರೆ.  ಈ ಮನೆ ತಪ್ಪಿದರೆ ಇಂಥದ್ದು ಇನ್ನೊಂದು ಸಿಗುವಷ್ಟರಲ್ಲಿ ಕೂರುವವರೇ ಇರುವುದಿಲ್ಲ ಎಂದು ಹೆದರಿಕೆಯಾಯಿತು.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹಾಲಿನೊಳಗೆ ಆಗಲೇ ಮೂರು ಮನೆಯವರಿದ್ದರು. ಬಸವೇಶ್ವರನಗರದ ಹಾರ್ಡ್‌ವೇರ್ ವ್ಯಾಪಾರಿ ವಿಶ್ವಾರಾಧ್ಯ ಟೇಪು ಹಿಡಿದು ಅಳೆಯುತ್ತಿದ್ದ. ಇದನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡುವ ಲೆಕ್ಕ ಅವನದು, ಗುಟ್ಟೇನೂ ಮಾಡಿರಲಿಲ್ಲ. ಇನ್ನೊಂದು ಕಡೆ ಬಸುರಿ ಸೊಸೆಯನ್ನು ಕರೆತಂದಿದ್ದ ಹನುಮಕ್ಕ ಎಂಬ ಹೆಂಗಸು ತೊಟ್ಟಿಲು ಎಲ್ಲಿ ಕಟ್ಟಬೇಕೆಂದು ಮೇಲೆ ಕೊಕ್ಕೆ ಹುಡುಕುತ್ತಿದ್ದಳು. ಮೂರನೆಯವರು ಅಣ್ಣತಮ್ಮಂದಿರು, ಮಾತಿಲ್ಲ, ಫೋಟೋ ಹೊಡೆದುಕೊಳ್ಳುತ್ತಿದ್ದರು. ಕಿಟ್ಟಿ ಎಂಬತ್ತೈದು ಲಕ್ಷ ಹೇಳಿದ್ದ. ರಾಜೇಶ್ವರಿಯ ಕೈಯಲ್ಲಾಗುತ್ತಿದ್ದದ್ದು, ಪಿಎಫ್, ಒಡವೆ, ದಾವಣಗೆರೆಯ ಸೈಟು ಎಲ್ಲ ಸೇರಿ ಎಪ್ಪತ್ತೆಂಟು ಲಕ್ಷ. ವಿಶ್ವಾರಾಧ್ಯ ಟೇಪು ಸುತ್ತುತ್ತ, ತೊಂಬತ್ತಾದರೂ ಸೈಟಿಗೇ ಆಯ್ತು ಬಿಡ್ರೀ ಎಂದು ಕಿಟ್ಟಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು.

ಆಗ ಅವಳ ಕಣ್ಣು ಗೋಡೆಯ ಮೇಲಿನ ರಾಮಯ್ಯನವರ ಫೋಟೋ ಕಡೆ ಹೋಯಿತು. ಒಣಗಿದ ಸೇವಂತಿಗೆ ಹಾರ. ಕೆಳಗೆ ಧೂಳು ಹಿಡಿದ ನೆಲ, ಬೀಗ ಹಾಕಿದ ಮನೆಯ ಮುಗ್ಗಲು ವಾಸನೆ.

ಇಲ್ಲಿ ಒಂದು ಮಾತು ಹೇಳಬೇಕು. ರಾಜೇಶ್ವರಿಯ ಮನೆತನದಲ್ಲಿ ಸಾವಿಗೆ ನಕ್ಷತ್ರ ನೋಡುವ ಪದ್ಧತಿ ಇರಲಿಲ್ಲ. ಅತ್ತೆ ತೀರಿಕೊಂಡಾಗ ಅದೇ ಸಂಜೆ ಮನೆಯಲ್ಲಿ ದೀಪ ಹಚ್ಚಿ, ಲಿಂಗಪೂಜೆ ಮಾಡಿ, ಅಡುಗೆ ಮಾಡಿ ಉಂಡಿದ್ದರು. ಧನಿಷ್ಠಾ ಪಂಚಕದಲ್ಲಿ ಯಾರಾದರೂ ಹೋದರೆ ಆರು ತಿಂಗಳು ಮನೆಗೆ ಬೀಗ ಹಾಕಬೇಕು, ಆ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎಂದೆಲ್ಲ ಆಫೀಸಿನಲ್ಲಿ ಮಾತು ಬಂದರೆ ಅವಳು ಮುಖ ಸೊಟ್ಟ ಮಾಡುತ್ತಿದ್ದಳು. ನಂಬದ ವಿಷಯವನ್ನು ಬಳಸಿಕೊಳ್ಳುವುದು ಇಷ್ಟು ಸುಲಭ ಎಂದು ಅವತ್ತಿನವರೆಗೆ ಅವಳಿಗೂ ಗೊತ್ತಿರಲಿಲ್ಲ.

ಅವಳು ಹಾಲಿನ ನಡುವೆ ನಿಂತು, ಎಲ್ಲರಿಗೂ ಕೇಳುವಷ್ಟು ಎತ್ತರದಲ್ಲಿ, ಮರುಕದ ದನಿಯಲ್ಲಿ ಕೇಳಿದಳು:

"ಯಜಮಾನ್ರು ಯಾವ ನಕ್ಷತ್ರದಲ್ಲಿ ಹೋದ್ರಮ್ಮ?"

ವೆಂಕಟಲಕ್ಷ್ಮಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವರು ತಲೆಯೆತ್ತಿದರು. ಸುಳ್ಳು ಹೇಳುವ ಹೆಂಗಸಾಗಿದ್ದರೆ ಯಾವುದೋ ಒಂದು ನಕ್ಷತ್ರದ ಹೆಸರು ಹೇಳಿ ಮುಗಿಸುತ್ತಿದ್ದರು. ಆಕೆ ಸ್ವಲ್ಪ ಯೋಚಿಸಿದರು.

"ಗೊತ್ತಿಲ್ಲ ಕಣಮ್ಮ. ನೋಡ್ಲಿಲ್ಲ."

ಅಷ್ಟೇ. ಹನುಮಕ್ಕ ತಲೆಯಾಡಿಸುತ್ತ ಸೊಸೆಯ ತೋಳು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಗೊತ್ತಿಲ್ಲದೆ ಏನು, ಹೇಳೋಕೆ ಆಗಲ್ಲ ಅಷ್ಟೇ, ಅದಕ್ಕೇ ಬೀಗ ಹಾಕಿರೋದು ಎಂದು ಬಾಗಿಲ ಹತ್ತಿರ ಯಾರಿಗೋ ಹೇಳಿದಳು. ಆಸ್ಪತ್ರೆಯಲ್ಲಿ ಹೋದದ್ದು, ಮನೆಯಲ್ಲಲ್ಲ ಎಂದು ಕಿಟ್ಟಿ ಎಲ್ಲರ ಹಿಂದೆ ಓಡಾಡಿದ. ಹೆಣ ಮನೆಗೆ ತಂದಿದ್ದರೋ ಇಲ್ಲವೋ ಎಂದು ವಿಶ್ವಾರಾಧ್ಯ ಕೇಳಿದ. ತಂದಿದ್ದರು. ನಾಳೆ ಬಾಡಿಗೆಗೆ ಬರುವವರೂ ಇದನ್ನೇ ಕೇಳುತ್ತಾರೆ ಎಂದು ಅವನು ಟೇಪನ್ನು ಜೇಬಿಗೆ ಹಾಕಿಕೊಂಡ. ಹತ್ತು ನಿಮಿಷದಲ್ಲಿ ಗೇಟಿನ ಮುಂದೆ ಒಂದು ಸ್ಕೂಟರೂ ಉಳಿಯಲಿಲ್ಲ. ಕಿಟ್ಟಿಯ ಕವರ್ ಸಿಸ್ಟಮ್ ಹುಟ್ಟಿದಾಗಿನಿಂದ ಇಂಥ ಏಟು ತಿಂದಿರಲಿಲ್ಲ.

ಚೈತನ್ಯಾಳ ಕೈಯಲ್ಲಿದ್ದ ಫೋನಿನಲ್ಲಿ ಕಾಲ್ ಕಟ್ಟಾಗಿತ್ತು. ಸಿಗ್ನಲ್ ಹೋಗಿರಬೇಕು ಎಂದುಕೊಂಡರು.

ಸಂಜೆ ಆರಕ್ಕೆ ಕಿಟ್ಟಿಯ ಕೈಗೆ ಬಂದದ್ದು ಒಂದೇ ಕವರು. ಅದರಲ್ಲಿ ರಾಜೇಶ್ವರಿ ಎಪ್ಪತ್ತೆಂಟು ಬರೆಯಲಿಲ್ಲ, ಎಪ್ಪತ್ತು ಬರೆದಳು. ಯಾರೂ ಎದುರಿಗಿಲ್ಲದ ಮೇಲೆ ಎಂಟು ಲಕ್ಷ ಯಾಕೆ ಸುರಿಯಬೇಕು, ಗಂಡನ ಔಷಧಿಗಾಯಿತು ಎಂದು ಮಗಳಿಗೆ ಹೇಳಿದಳು.  ಜೀವನ್ ಎರಡು ದಿನ ಕೂಗಾಡಿದ, ಮೂರನೆಯ ದಿನ ಒಪ್ಪಿದ. ಮನೆಯ ಹೆಸರು ಆಗಲೇ ಕೆಟ್ಟಿತ್ತು, ಇನ್ನೂ ಕಾದರೆ ಇದೂ ಸಿಗುವುದಿಲ್ಲವೆಂದು ಕಿಟ್ಟಿಯೇ ಅವನಿಗೆ ತಿಳಿಹೇಳಿದ್ದ.

ದಸರಾ ಕಳೆದು ರಿಜಿಸ್ಟ್ರೇಷನ್ ಆಯಿತು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ವೆಂಕಟಲಕ್ಷ್ಮಮ್ಮ, ದಾಸವಾಳಕ್ಕೆ ದಿನಾ ಒಂದು ಚೊಂಬು ನೀರು ಹಾಕಿ ಎಂದರು. ರಾಜೇಶ್ವರಿ ಕೀಲಿ ತೆಗೆದುಕೊಂಡು ಆಟೋ ಹಿಡಿದು ಅತ್ತಿಗುಪ್ಪೆಗೆ ಬಂದಳು. ಮೂವತ್ತೆಂಟು ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿದಳು. ಕೀಲಿಯನ್ನು ಗಂಡನ ಎಡಗೈಯಲ್ಲಿಟ್ಟಳು.

ಚನ್ನವೀರೇಶ್ ಅದನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟರು.

"ನಾನು ಬರಲ್ಲ."

ಮೆಟ್ಟಿಲಿನ ಹೆದರಿಕೆ ಎಂದುಕೊಂಡಳು. ಅಂಬ್ಯುಲೆನ್ಸಿನವರ ಸ್ಟ್ರೆಚರು ಬರುತ್ತದೆ, ಬೆಲ್ಟು ಹಾಕುತ್ತಾರೆ, ಬೀಳುವ ಭಯವಿಲ್ಲ ಎಂದೆಲ್ಲ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ಮಾತು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಫೋನಲ್ಲಿ ಕೇಳಿಸ್ಕೊಂಡೆ. ನಕ್ಷತ್ರ ಗೊತ್ತಿಲ್ಲ ಅಂದ್ರು. ಇನ್ನೊಂದು ಸಾವು ಬೇಕು ಆ ಮನೆಗೆ. ನಾನೇ ಸಿಗೋದು."

 ರಾಜೇಶ್ವರಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. ನಮ್ಮಲ್ಲಿ ಅದೆಲ್ಲ ಎಲ್ಲಿದೆ ರೀ, ಅತ್ತೆ ಹೋದಾಗ ನಾವು ನೋಡಿದ್ವಾ ಎಂದಳು. ಆಗ ನಾನು ಗಟ್ಟಿ ಇದ್ದೆ ಎಂದರು ಅವರು. ಎರಡು ವರ್ಷ ಒಂದೇ ಕಿಟಕಿ ನೋಡಿದ ಮನುಷ್ಯನೊಳಗೆ ಏನೇನು ಹೊಕ್ಕು ಕೂತಿದೆ ಎಂದು ಅವಳು ನೋಡಿರಲೇ ಇಲ್ಲ. ಕೊನೆಗೆ, ಮುಚ್ಚಿಟ್ಟುಕೊಂಡಿದ್ದ ಮಾತನ್ನು ಬಾಯಿ ಬಿಟ್ಟು ಹೇಳಿದಳು.

"ಅವ್ರನ್ನೆಲ್ಲ ಓಡ್ಸೋಕೆ ಕೇಳಿದ್ದು ರೀ ನಾನು. ನಾನೇ ಹುಟ್ಟಿಸಿದ್ದು ಅದು. ಮನೆ ನಮಗೆ ಸಿಗ್ಲಿ ಅಂತ."

ಚನ್ನವೀರೇಶ್ ಅವಳನ್ನು ಕನಿಕರದಿಂದ ನೋಡಿದರು. ತನ್ನನ್ನು ಒಪ್ಪಿಸಲು ಹೆಂಡತಿ ಎಂಥ ಸುಳ್ಳಿಗೂ ಸಿದ್ಧಳಿದ್ದಾಳೆ ಎಂದು ಆ ಮುಖದಲ್ಲಿ ಬರೆದಿತ್ತು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಅವಳು ಹೇಳಿದ ಅತ್ಯಂತ ನಾಚಿಕೆಯ ನಿಜವನ್ನು ಅವರು ನಂಬಲೇ ಇಲ್ಲ.

ನಿಜವನ್ನು ನಂಬದವರಿಗೆ ಕಾಗದ ತೋರಿಸಬೇಕು. ಆಫೀಸಿನಲ್ಲಿ ಸವೆದ ರಾಜೇಶ್ವರಿಗೆ ಹೊಳೆದ ದಾರಿ ಅದೊಂದೇ. ಮುಂದಿನ ಭಾನುವಾರ ಕಿಟ್ಟಿಯಿಂದ ವಿಳಾಸ ಪಡೆದು, ರಾಮಯ್ಯನವರು ಹೋದ ಗಳಿಗೆ ತಿಳಿಯಲು ಕೆಂಗೇರಿಗೆ ಹೋದಳು.

ವೆಂಕಟಲಕ್ಷ್ಮಮ್ಮನ ಮಗಳು ರಮ್ಯಶ್ರೀಯದು ಚಿಕ್ಕ ಮನೆ. ಹಾಲಿನ ಒಂದು ಮೂಲೆಗೆ ಹಗ್ಗ ಕಟ್ಟಿ ಹಳೆಯ ಸೀರೆ ಇಳಿಬಿಟ್ಟಿದ್ದರು. ಅದರ ಹಿಂದೆ ಒಂದು ಮಂಚ, ಒಂದು ಟ್ರಂಕು, ಗೋಡೆಗೆ ರಾಮಯ್ಯನವರ ಫೋಟೋ. ಅಮ್ಮನಿಗೆ ಪಕ್ಕದ ಬೀದಿಯಲ್ಲಿ ಒಂದು ರೂಮಿನ ಮನೆ ನೋಡಿದ್ದೆವು ಎಂದು ರಮ್ಯಶ್ರೀ ಹೇಳಿದಳು. ಮನೆ ಕಮ್ಮಿಗೆ ಹೋದ ಮೇಲೆ, ಜೀವನ್ ತನ್ನ ಪಾಲಿನಲ್ಲಿ ಬಿಡಿಕಾಸು ಬಿಡದ್ದರಿಂದ, ಅದು ಆಗಲಿಲ್ಲವಂತೆ. ರಾಜೇಶ್ವರಿ ಕುರ್ಚಿಯ ತುದಿಯಲ್ಲಿ ಕೂತು ಇಷ್ಟನ್ನೂ ಕೇಳಿಸಿಕೊಂಡಳು. ಎಂಟು ಲಕ್ಷ ಎಲ್ಲಿ ಹೋಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ, ಸೀರೆಯ ಪರದೆ ಕಣ್ಣೆದುರಿಗೇ ಇತ್ತು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಆದರೂ ಬಂದ ಕೆಲಸ ಬಿಡುವಂತಿರಲಿಲ್ಲ.

ಕೇಳಿದಳು. ಅದೇ ಪ್ರಶ್ನೆ, ಈ ಸಲ ದನಿ ಏಳಲಿಲ್ಲ.

"ಅವತ್ತು ನಾಕ್ ಮನೆಯವ್ರ ಮುಂದೆ ಕೇಳುದ್ರಿ," ಎಂದರು ವೆಂಕಟಲಕ್ಷ್ಮಮ್ಮ. "ಇವತ್ತು ಒಬ್ರೇ ಬಂದು ಕೇಳ್ತಿದೀರ."

ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಟ್ರಂಕು ತೆರೆದು ಆಸ್ಪತ್ರೆಯ ಕಾಗದ ತೆಗೆದುಕೊಟ್ಟರು. ಜೊತೆಗೆ, ನಿಮ್ಮ ಯಜಮಾನರು ಬಿಸಿಲಿಗೆ ಕೂರುತ್ತಾರಾ ಎಂದು ಕೇಳಿದರು. ಇನ್ನೂ ಇಲ್ಲ ಎಂದಳು ರಾಜೇಶ್ವರಿ.

ದಿನ, ಗಂಟೆ, ನಿಮಿಷ ಎಲ್ಲ ಕಾಗದದಲ್ಲಿತ್ತು. ವಾಪಸು ಬರುವ ದಾರಿಯಲ್ಲೇ ಪಂಚಾಂಗ ಬಲ್ಲವರೊಬ್ಬರಿಗೆ ತೋರಿಸಿದಳು, ಜೀವಮಾನದಲ್ಲಿ ಮೊದಲ ಸಲ. ಅವರು ಪುಟ ತಿರುವಿ, ಹಸ್ತಾ ನಕ್ಷತ್ರ, ಯಾವ ದೋಷವೂ ಇಲ್ಲ, ಮನೆ ಒಂದು ದಿನವೂ ಬಿಡಬೇಕಾಗಿರಲಿಲ್ಲ ಎಂದರು. ಒಂದು ಚೀಟಿಯ ಮೇಲೆ ಬರೆದೂ ಕೊಟ್ಟರು.

ಚನ್ನವೀರೇಶ್ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. 

"ಇದು ಡಾಕ್ಟ್ರು ಹೇಳಿದ ಟೈಮು," ಎಂದರು. "ಅವ್ರು ವೆಂಟಿಲೇಟರಲ್ಲಿ ಎಷ್ಟು ದಿನ ಇಟ್ಟಿದ್ರೋ. ಯಾವಾಗ ಹೋದ್ರು ಅಂತ ಯಾರು ಕಂಡ್ರು."

ಅದಕ್ಕೆ ಯಾರ ಹತ್ತಿರವೂ ಕಾಗದವಿರಲಿಲ್ಲ. ಕೊನೆಗೆ ಅವರೇ ಒಂದು ರಾಜಿಗೆ ಬಂದರು. ಆಷಾಢದಿಂದ ಆರು ತಿಂಗಳು ಕಳೆಯಲಿ, ಸಂಕ್ರಾಂತಿ ಆಗಲಿ, ಆಮೇಲೆ ಬರುತ್ತೇನೆ. ಆಗಲೂ ಅವರಿಗೆ ಬಿಸಿಲು ಬೇಕಾಗಿತ್ತು. ಅದಕ್ಕೇ ಇರಬೇಕು, ಕೀಲಿಯನ್ನು ತಮ್ಮ ದಿಂಬಿನ ಕೆಳಗೆ ಇರಿಸಲು ಹೇಳಿದರು.

ರಾಜೇಶ್ವರಿ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದಳು. ಒಂದೊಂದು ದಿನವೂ ತಾನೇ ಉಲ್ಲಾಳದ ಹಾಲಿನ ನಡುವೆ ನಿಂತು, ಮರುಕದ ದನಿಯಲ್ಲಿ, ಕೈಯಾರೆ ಕಟ್ಟಿಟ್ಟ ದಿನ. ಭಾನುವಾರಗಳಲ್ಲಿ ದಿಂಬಿನ ಕೆಳಗಿನ ಕೀಲಿ ತೆಗೆದುಕೊಂಡು ಉಲ್ಲಾಳಕ್ಕೆ ಹೋಗಿ ಗುಡಿಸಿ, ದಾಸವಾಳಕ್ಕೆ ಚೊಂಬುಗಟ್ಟಲೆ ನೀರು ಹಾಕಿ ಬರುತ್ತಿದ್ದಳು. ಕಲ್ಲುಚಪ್ಪಡಿಯ ಮೇಲೆ ಹತ್ತೂವರೆಯವರೆಗೆ ಬಿಸಿಲು ಬಿದ್ದಿರುತ್ತಿತ್ತು. ಅವಳು ಅದರ ಮೇಲೆ ಕೂರುತ್ತಿರಲಿಲ್ಲ. ಒಮ್ಮೆ ಫೋಟೋ ತೆಗೆದು ಗಂಡನಿಗೆ ತೋರಿಸಿದಾಗ, ಬೇವಿನ ಮರದ ಕೆಳಗೆ ಯಾರದು ಗಾಡಿ ಎಂದು ಕೇಳಿದರು. ಸೊಪ್ಪಿನವನದು ಎಂದಳು. ಸಂಕ್ರಾಂತಿಗೆ ಅವರೆಕಾಯಿ ಚೆನ್ನಾಗಿ ಸಿಗುತ್ತದೆ, ಗೇಟಿನಲ್ಲೇ ಕೊಳ್ಳಬಹುದು ಎಂದರು.

ಧನುರ್ಮಾಸ ಶುರುವಾದ ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಾಲು ಕಾಯಿಸಿಕೊಂಡು ಬಂದು ಎಬ್ಬಿಸಿದಳು. ಚನ್ನವೀರೇಶ್ ಏಳಲಿಲ್ಲ. ಮೈ ತಣ್ಣಗಿತ್ತು. ಎಡಗೈ ದಿಂಬಿನ ಕೆಳಗಿತ್ತು. ಯಾವಾಗ ಹೋದರೆಂದು ಪಕ್ಕದಲ್ಲೇ ಮಲಗಿದ್ದ ಅವಳಿಗೂ ತಿಳಿಯಲಿಲ್ಲ.

ಹತ್ತಿರದವರು ಬಂದರು. ಪದ್ಧತಿಯಂತೆ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದರು. ಕೂತೇ ಹೋಗಬೇಕು, ಮಣ್ಣಿನಲ್ಲೂ ಕೂತೇ ಇರಬೇಕು. ಕೆಳಗಿಳಿಸಲು ನಾಲ್ಕು ಜನ ಕುರ್ಚಿ ಹುಡುಕಿದಾಗ ಸಿಕ್ಕಿದ್ದು ಅದೇ ಪ್ಲಾಸ್ಟಿಕ್ ಕುರ್ಚಿ. ಬಿಳಿ ಬಟ್ಟೆಯಿಂದ ಬಿಗಿದು ಕಟ್ಟಿ, ಒಂದೊಂದೇ ಮೆಟ್ಟಿಲು ಇಳಿಸಿದರು. ತಿರುವಿನಲ್ಲಿ ರಾಜೇಶ್ವರಿ ಹುಷಾರು, ಹುಷಾರು ಎಂದಳು. ಮೂವತ್ತೆಂಟು ಮೆಟ್ಟಿಲೂ ಮುಗಿದವು, ಯಾರ ಕಾಲೂ ಜಾರಲಿಲ್ಲ.

ಕೂರಿಸಿ ಹೊರುವ ಹೂವಿನ ವಿಮಾನ ಕಟ್ಟುವವರೆಗೆ ಕುರ್ಚಿಯನ್ನು ಕಾಂಪೌಂಡಿನಲ್ಲಿ ಇಟ್ಟರು. ಎದುರು ಮನೆಗಳ ಸಂದಿಯಿಂದ ಬೀಳುವ ಬಿಸಿಲು ಚನ್ನವೀರೇಶರ ಮುಖದ ಮೇಲೆ, ಹಣೆಯ ವಿಭೂತಿಯ ಮೇಲೆ ಬಿತ್ತು. ಯಾರೋ ಕೊಡೆ ತಂದರು. ಬೇಡ ಎಂದು ರಾಜೇಶ್ವರಿ ಅದನ್ನು ಕಿತ್ತುಕೊಂಡಳು, ಆಗ ಮೊದಲ ಸಲ ಜೋರಾಗಿ ಅತ್ತಳು.

ನೆಲಮಹಡಿಯಲ್ಲಿದ್ದ ಮನೆ ಓನರು ಸುಬ್ರಮಣಿ ಒಳ್ಳೆಯ ಮನುಷ್ಯ. ಬೆಳಗಿನಿಂದ ನೀರು, ಶಾಮಿಯಾನ ಎಲ್ಲಕ್ಕೂ ಅವನೇ ಓಡಾಡಿದ್ದ. ಅವಳ ಅಳು ನಿಲ್ಲುವವರೆಗೆ ಕಾದು, ಹತ್ತಿರ ಬಂದು, ಕೈ ಕಟ್ಟಿಕೊಂಡು ನಿಂತ. ಮೇಲಿನ ಮನೆಗೆ ಮುಂದೆ ಬೇರೆಯವರು ಬರಬೇಕಾಗುತ್ತದೆ, ಕೆಳಗೆ ತನ್ನ ಮೊಮ್ಮಗು ಇದೆ, ತಪ್ಪು ತಿಳಿಯಬಾರದು ಎಂದ. ಬಾಗಿಲಲ್ಲಿ ಅವನ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದಳು.

"ಯಾವ ನಕ್ಷತ್ರದಲ್ಲಿ ಹೋದ್ರು ಮೇಡಂ?"

ಅವನ ದನಿಯಲ್ಲಿದ್ದ ಮರುಕ ನಿಜವಾದದ್ದೇ. ಚೈತನ್ಯಾ ತಲೆಯೆತ್ತಿ ಅಮ್ಮನನ್ನು ನೋಡಿದಳು. ರಾಜೇಶ್ವರಿ ಗಂಡನ ಮುಖ ನೋಡಿದಳು. ಸುಮ್ಮನೆ ಒಂದು ನಕ್ಷತ್ರದ ಹೆಸರು ಹೇಳಬಹುದಿತ್ತು, ಹಸ್ತಾ ಎನ್ನಬಹುದಿತ್ತು. ಬಾಯಿಗೆ ಅದು ಬರಲಿಲ್ಲ.

"ಗೊತ್ತಿಲ್ಲ," ಎಂದಳು. "ನೋಡ್ಲಿಲ್ಲ."

ಸುಬ್ರಮಣಿ ನಂಬದೆ ತಲೆಯಾಡಿಸಿದ. ಎರಡು ಹೆಜ್ಜೆ ಹಿಂದೆ ಸರಿದು, ಹೆಂಡತಿಗೆ ಒಳಗೆ ಹೋಗು ಎಂದು ಸನ್ನೆ ಮಾಡಿದ. ಮಗುವನ್ನೆತ್ತಿಕೊಂಡು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.